ಬ್ರಹ್ಮೋಸೋ, ಹಾರ್ಪೂನೋ?

ವಿಮಾನದಿಂದ ಹಡಗಿಗೆ ಹೊಡೆಯಲು ಯಾವ ಕ್ಷಿಪಣಿ? ಬ್ರಹ್ಮೋಸ್‌ನ ವಿಮಾನ ಮಾದರಿ ಬ್ರಹ್ಮೋಸ್-ಎ ಸುಮಾರು 2.5 ಟನ್, ಸುಖೋಯ್-30 ಯುದ್ಧವಿಮಾನ ಹೊಟ್ಟೆಯಡಿ ಒಂದೇ ಹೊರುತ್ತದೆ, ಅದೂ ಚೌಕಟ್ಟು ಬಲಪಡಿಸಿದ ಮೇಲೆ. ಅಮೆರಿಕದ ಹಾರ್ಪೂನ್ ಅರ್ಧ ಟನ್ ಚಿಲ್ಲರೆ. ಕಡಲ ಗಸ್ತು ವಿಮಾನ ಪಿ-8ಐ ರೆಕ್ಕೆಯಡಿ ನಾಲ್ಕು ಹಿಡಿಯುತ್ತವೆ.

ಅಸಲು ಲೆಕ್ಕ ಎದುರಾಳಿಯ ರೇಡಾರಿನದು. ಅದು 20 ಮೀಟರ್ ಎತ್ತರದಲ್ಲಿದ್ದು, ಕ್ಷಿಪಣಿ 10 ಮೀಟರಿನಲ್ಲಿ ಬಂದರೆ, ಭೂಮಿ ಬಾಗಿರುವುದರಿಂದ, ಕಣ್ಣಿಗೆ ಬೀಳುವುದು ಸುಮಾರು 31 ಕಿ.ಮೀ. ದೂರದಲ್ಲಿ. ಮ್ಯಾಕ್ 2.8ರ (ಶಬ್ದದ 2.8 ಪಟ್ಟು ವೇಗದ) ಬ್ರಹ್ಮೋಸ್‌ಗೆ ಅದು ಅರ್ಧ ನಿಮಿಷದ ದಾರಿ, ಹಾರ್ಪೂನ್‌ಗೆ ಎರಡು ನಿಮಿಷ. ಆ ಅರ್ಧ ನಿಮಿಷದಲ್ಲೇ ಎದುರಾಳಿ ಹಡಗು ಗುರುತಿಸಬೇಕು, ಬರಾಕ್-8ರಂಥ ತಡೆ ಕ್ಷಿಪಣಿ ಹಾರಿಸಬೇಕು, ತಪ್ಪಿದರೆ ಮತ್ತೊಂದು, ಮೂರನೆಯದಕ್ಕೆ ಹೊತ್ತಿಲ್ಲ. ಎಕೆ-630ರಂಥ ಕ್ಷಿಪ್ರ ತೋಪು ಕಿಲೋಮೀಟರ್ ದೂರದಲ್ಲಿ ಸಿಡಿಸಿದರೂ ಚೂರುಗಳು ಭಾರೀ ವೇಗದಲ್ಲಿ ಹಡಗಿಗೇ ಬಂದು ಬಡಿಯಬಹುದು.

ಆದರೆ ವೇಗಕ್ಕೆ ಮೈಬಿಸಿಯ ದಂಡವಿದೆ: ಶಾಖ ಗುರುತಿಸುವ ಇನ್‌ಫ್ರಾರೆಡ್ ಸಂವೇದಕಕ್ಕೆ ಬ್ರಹ್ಮೋಸ್ ಬೇಗ ಕಾಣುತ್ತದೆ. ಕಾವಲು ಬಲವಾದ ಡೆಸ್ಟ್ರಾಯರಿನಂಥ ದೊಡ್ಡ ಯುದ್ಧನೌಕೆಗೆ ಬ್ರಹ್ಮೋಸ್. ಸಣ್ಣ ಹಡಗಿಗೆ ಹಾರ್ಪೂನ್ ಸಾಕು.