‘ಡಿ ಡ್ರೈವ್‌ಗೆ ಏನೂ ಆಗಂಗಿಲ್ಲ’ ಅಂದರೆ ನಂಬಬೇಡಿ: ಗಂಗಾವತಿಯ ಮನೆಯೊಂದರಲ್ಲಿ ಆದದ್ದು

ಗಂಗಾವತಿಯ ಒಂದು ಮನೆ. ಯಜಮಾನರದು ಅಕ್ಕಿ ದಲಾಲಿ ವ್ಯವಹಾರ. ನಾಲ್ಕು ವರ್ಷದ ಟ್ಯಾಲಿ ಲೆಕ್ಕ, ಮಿಲ್ಲುಗಳ ಬಾಕಿ ಪಟ್ಟಿ, ಮಗಳ ಮದುವೆ ಫೋಟೋ, ಎಲ್ಲವೂ ಮನೆ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ. ಬೇಸಿಗೆಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋದವರು ಮೂರು ವಾರ ಬಿಟ್ಟು ಬಂದು ಆನ್ ಮಾಡಿದರೆ, ಕಪ್ಪು ಪರದೆ ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬ ಒಂದೇ ಸಾಲು. ಬೂಟ್ ಆಗಲು, ಅಂದರೆ ಕಂಪ್ಯೂಟರ್ ಏಳಲು, ಸರಿಯಾದ ಡಿಸ್ಕ್ ಸಿಗಲಿಲ್ಲ ಎಂದು ಅದರ ಅರ್ಥ. ಸಿಪಿಯು ಹೊತ್ತು ರಿಪೇರಿ ಅಂಗಡಿಗೆ ಒಯ್ದರು. “ವಿಂಡೋಸ್ ಹೋಗೈತ್ರಿ ಅಣ್ಣಾರ, ಹೊಸದಾಗಿ ಹಾಕಬೇಕು. ಡಿ ಡ್ರೈವ್‌ಗೆ ಏನೂ ಆಗಂಗಿಲ್ಲ ಬಿಡ್ರಿ” ಅಂದರು ಅಂಗಡಿಯವರು. ಸಂಜೆ ಹೊಸ ವಿಂಡೋಸ್‌ನೊಂದಿಗೆ ಸಿಪಿಯು ಮನೆಗೆ ಬಂತು. ಡಿ ಡ್ರೈವ್ ಕೂಡ ಇತ್ತು. ಆದರೆ ಅದರೊಳಗೆ ಅಂಗಡಿಯವರು ತುಂಬಿದ ಸಾಫ್ಟ್‌ವೇರ್ ಫೋಲ್ಡರ್ ಬಿಟ್ಟರೆ ಬೇರೇನೂ ಇರಲಿಲ್ಲ.

ಆ ವಿಂಡೋಸ್‌ಗೆ ಏನೂ ಆಗಿರಲಿಲ್ಲ, ಡಿಸ್ಕ್ ಕೂಡ ಗಟ್ಟಿಯಾಗೇ ಇತ್ತು. ಹೋಗಿದ್ದು ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್, ನಾಣ್ಯದ ಗಾತ್ರದ 3 ವೋಲ್ಟ್‌ನ ಬಿಲ್ಲೆ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಬೋರ್ಡಿಗೆ ಸಿಪಿಯು ಒಳಗಿನ ಪವರ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಸದಾ ಬರುತ್ತಿರುತ್ತದೆ, ಸೆಲ್‌ಗೆ ಕೆಲಸವಿಲ್ಲ. ಮೇನ್ ಆಫ್ ಆದಾಗ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನದೇ ತಂತ್ರಾಂಶ) ಸೆಟ್ಟಿಂಗ್ ಮತ್ತು ಗಡಿಯಾರ ಅದೊಂದರ ಮೇಲೆ ನಿಲ್ಲುತ್ತವೆ. ಸೆಲ್ ಸತ್ತರೆ ಬೋರ್ಡ್ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತದೆ. ಹಾಗಾಗಿಯೇ ಈ ತೊಂದರೆ ರಜೆ ಮುಗಿಸಿ ಬಂದ ದಿನವೇ ಕಾಣುವುದು ಹೆಚ್ಚು. ಗುರುತು ಹಿಡಿಯುವುದೂ ಕಷ್ಟವಲ್ಲ: ಬಯೋಸ್‌ನಲ್ಲಿ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಇಲ್ಲವೇ ಆನ್ ಮಾಡಿದ ಕೂಡಲೇ ಎಫ್1 ಒತ್ತಿ ಎಂದು ಕೇಳುತ್ತದೆ.

ಮುಂದಿನ ಅನಾಹುತ ನಡೆದ ಬಗೆಯನ್ನು ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಬಹಳ ಮನೆಗಳಲ್ಲಿ ಡೇಟಾ ಹೋಗುವುದು ಇಲ್ಲೇ. ಹಳೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಅನ್ನು ಲೆಗಸಿ ಎಂಬ ಹಳೆಯ ಬೂಟ್ ಕ್ರಮದಲ್ಲಿ, ಎಂಬಿಆರ್ (ಡಿಸ್ಕನ್ನು ಪಾಲು ಮಾಡುವ ಹಳೆಯ ಬಗೆ) ಡಿಸ್ಕ್ ಮೇಲೆ ಹಾಕಿರುತ್ತಾರೆ. ಬೋರ್ಡ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳಿ ಯುಇಎಫ್‌ಐ ಎಂಬ ಹೊಸ ಬೂಟ್ ಕ್ರಮಕ್ಕೆ ಹೋದರೆ ಡಿಸ್ಕ್ ಕಾಣುತ್ತದೆ, ಆದರೆ ಅದರಿಂದ ಬೂಟ್ ಆಗುವುದಿಲ್ಲ. ಈ ಸ್ಥಿತಿಯಲ್ಲಿ ವಿಂಡೋಸ್ ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಮಾಡಹೊರಟರೆ, ಈ ಡಿಸ್ಕ್ ಎಂಬಿಆರ್, ಇದರ ಮೇಲೆ ಹಾಕಲು ಬರುವುದಿಲ್ಲ, ಪಾಲು ಮಾಡುವ ಹೊಸ ಬಗೆಯಾದ ಜಿಪಿಟಿ ಬೇಕು ಎಂದು ಅದು ಹಟ ಹಿಡಿಯುತ್ತದೆ. ಅವಸರದ ರಿಪೇರಿಯವರು ಅಲ್ಲೇ ಎಲ್ಲ ಪಾರ್ಟಿಷನ್ ಡಿಲೀಟ್ ಮಾಡುತ್ತಾರೆ. ಇಂಥ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಸಿ, ಡಿ ಎರಡು ಬೇರೆ ಡಿಸ್ಕ್ ಅಲ್ಲ, ಒಂದೇ ಡಿಸ್ಕಿನ ಎರಡು ಪಾಲು (ಪಾರ್ಟಿಷನ್). ಬದುವನ್ನೇ ಅಳಿಸಿದ ಮೇಲೆ ಡಿ ಪಾಲು ಉಳಿಯುವ ಮಾತೇ ಇಲ್ಲ. ಬಯೋಸ್‌ನಲ್ಲಿ ಸಿಎಸ್‌ಎಂ (ಲೆಗಸಿ ಕ್ರಮಕ್ಕೆ ಅವಕಾಶ ಕೊಡುವ ಸೆಟ್ಟಿಂಗ್) ಎಂಬ ಒಂದು ಸಾಲನ್ನು ‘ಎನೇಬಲ್ಡ್’ ಮಾಡಿದ್ದರೆ ಆ ಮನೆಯ ವಿಂಡೋಸ್ ಇದ್ದಂತೆಯೇ ಏಳುತ್ತಿತ್ತು.

ಆದ್ದರಿಂದ ನಿಮ್ಮ ಪರದೆ ಮೇಲೆ ಇಂಥ ಸಾಲು ಬಂದರೆ ಮೊದಲು ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲ ಕಿತ್ತು ಮತ್ತೆ ಆನ್ ಮಾಡಿ. ಮರೆತುಬಿಟ್ಟ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹೋಗಿ ಸೋಲುವುದೂ ಉಂಟು. ಸರಿಹೋಗದಿದ್ದರೆ ಆನ್ ಮಾಡಿದ ಕೂಡಲೇ ಕೀಬೋರ್ಡಿನ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತ ಬಯೋಸ್ ಒಳಗೆ ಹೋಗಿ. ನೋಡಬೇಕಾದ ಮೊದಲ ಸಂಗತಿ ಒಂದೇ: ಡಿಸ್ಕಿನ ಹೆಸರು, ಗಾತ್ರ ಅಲ್ಲಿ ಕಾಣುತ್ತದೆಯೇ?

ಕಂಡರೆ ಅರ್ಧ ಗೆದ್ದಂತೆ. ತಾರೀಖು ತಪ್ಪಿದ್ದರೆ ಸೆಲ್ ಬದಲಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಪಕ್ಕದ ಕ್ಲಿಪ್ ಸರಿಸಿದರೆ ಸೆಲ್ ಮೇಲೇಳುತ್ತದೆ. ಮಲ್ಟಿಮೀಟರ್‌ನಲ್ಲಿ 2.8 ವೋಲ್ಟ್‌ಗಿಂತ ಕಡಿಮೆ ತೋರಿದರೆ ಅದು ಮುಗಿದ ಸೆಲ್. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ತಾರೀಖು, ಸಮಯ ಸರಿಪಡಿಸುವುದನ್ನು ಮರೆಯಬೇಡಿ, ತಪ್ಪಿದ್ದರೆ ಬ್ಯಾಂಕ್, ಜಿಎಸ್‌ಟಿ ತಾಣಗಳು ಸರ್ಟಿಫಿಕೇಟ್ ತಪ್ಪೆಂದು ತೆರೆಯುವುದೇ ಇಲ್ಲ. ಆಮೇಲೆ ಯಾವುದರಿಂದ ಮೊದಲು ಬೂಟ್ ಆಗಬೇಕೆನ್ನುವ ಬೂಟ್ ಸಾಲಿಗೆ ಬನ್ನಿ. ಯುಇಎಫ್‌ಐನಲ್ಲಿ ಹಾಕಿದ ವಿಂಡೋಸ್ ಆದರೆ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಹೆಸರು ಮೊದಲಿರಬೇಕು, ಡಿಸ್ಕಿನ ಕಂಪನಿ ಹೆಸರಲ್ಲ. ಲೆಗಸಿಯಲ್ಲಿ ಹಾಕಿದ್ದಾದರೆ ಸೆಕ್ಯೂರ್ ಬೂಟ್ ಆಫ್ ಮಾಡಿ, ಸಿಎಸ್‌ಎಂ ಆನ್ ಮಾಡಿ, ಡಿಸ್ಕನ್ನು ಮೊದಲಿಡಿ. ಯಾವುದೆಂದು ಗೊತ್ತಿಲ್ಲದಿದ್ದರೆ ಒಂದಾದ ಮೇಲೊಂದು ಎರಡನ್ನೂ ಇಟ್ಟು ನೋಡಿ, ಇದರಿಂದ ಡಿಸ್ಕಿನಲ್ಲಿ ಒಂದಕ್ಷರವೂ ಅಳಿಸುವುದಿಲ್ಲ. ವಿಂಡೋಸ್ ಲೋಗೋ ಬಂದು ನೀಲಿ ಪರದೆಗೆ ಬಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ಬಗೆ) ಬದಲಾಗಿರಬಹುದು. ಎಎಚ್‌ಸಿಐ ಇದ್ದರೆ ಐಡಿಇ ಅಥವಾ ರೇಡ್, ಅವೆರಡರಲ್ಲಿ ಒಂದಿದ್ದರೆ ಎಎಚ್‌ಸಿಐ ಇಟ್ಟು ನೋಡಿ.

ಇತ್ತೀಚಿನ ಲ್ಯಾಪ್‌ಟಾಪ್ ಆದರೆ ಒಂದು ಎಚ್ಚರ. ವಿಂಡೋಸ್ 11ರಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ತಾನೇ ಬಿದ್ದಿರಬಹುದು. ಬಯೋಸ್ ಸೆಟ್ಟಿಂಗ್ ಬದಲಿಸಿದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಲ್ಯಾಪ್‌ಟಾಪ್‌ಗೆ ಹಾಕಿದ ಮೈಕ್ರೋಸಾಫ್ಟ್ ಖಾತೆಯನ್ನು ಮೊಬೈಲಿನಲ್ಲಿ ತೆರೆದು ಆ ಕೀ ಅಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬಯೋಸ್‌ನಲ್ಲಿ ಡಿಸ್ಕ್ ಕಾಣದಿದ್ದರೆ ಕೇಬಲ್ ಕಡೆ ಬನ್ನಿ. ಬಳ್ಳಾರಿ, ಸಂಡೂರು ಕಡೆಯ ಕೆಂಪು ದೂಳು, ಶಕ್ತಿನಗರದ ಸುತ್ತಲಿನ ಹಾರುಬೂದಿ ಸಿಪಿಯು ಒಳಗೆ ಪದರವಾಗಿ ಕೂರುತ್ತದೆ. ಕ್ಲಿಪ್ ಇಲ್ಲದ ಸಾಟಾ ಕೇಬಲ್ ಸಿಪಿಯು ಎತ್ತಿ ಇಡುವಾಗಲೇ ಸಡಿಲವಾಗುತ್ತದೆ. 7 ಪಿನ್ನಿನ ಡೇಟಾ ಕೇಬಲ್, 15 ಪಿನ್ನಿನ ಪವರ್ ಕೇಬಲ್ ಎರಡನ್ನೂ ಕಿತ್ತು ಮತ್ತೆ ಕೂರಿಸಿ, ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ, ಇಲ್ಲವೇ ಬಯೋಸ್ ಅದರ ಗಾತ್ರವನ್ನು ಸೊನ್ನೆ ಎಂದು ತೋರಿಸಿದರೆ ಅಲ್ಲಿಗೆ ನಿಲ್ಲಿಸಿ, ಕರೆಂಟ್ ಕೊಡಬೇಡಿ. ಅಂಥದ್ದು ಡೇಟಾ ರಿಕವರಿ ಮಾಡುವವರ ಕೆಲಸ, ಪ್ರತಿ ಸಲ ಆನ್ ಮಾಡಿದಾಗಲೂ ಅವರಿಗೆ ಸಿಗುವುದು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಏಳದಿದ್ದರೆ ಮಾತ್ರ ಬೂಟ್ ರಿಪೇರಿ. ವಿಂಡೋಸ್ ಪೆನ್‌ಡ್ರೈವ್‌ನಿಂದ ಏಳಿಸಿ, ‘ಇನ್‌ಸ್ಟಾಲ್’ ಬಿಟ್ಟು ‘ರಿಪೇರ್’ ಒತ್ತಿ, ‘ಸ್ಟಾರ್ಟಪ್ ರಿಪೇರ್’ ನಡೆಸಿ. ಡಿಸ್ಕಿನ ವಿಂಡೋಸ್ ಯಾವ ಕ್ರಮದಲ್ಲಿದೆಯೋ ಪೆನ್‌ಡ್ರೈವ್ ಕೂಡ ಅದೇ ಕ್ರಮದಲ್ಲಿ ಏಳಬೇಕು. ಕ್ರಮ ತಿಳಿಯಲು ಅದೇ ‘ರಿಪೇರ್’ ಒಳಗಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಡಿಸ್ಕಿನ ಪಾಲು ನಿರ್ವಹಿಸುವ ಡಿಸ್ಕ್‌ಪಾರ್ಟ್ ತೆರೆದು ‘ಲಿಸ್ಟ್ ಡಿಸ್ಕ್’ ಕೊಡಿ: ಜಿಪಿಟಿ ಕಾಲಂನಲ್ಲಿ ನಕ್ಷತ್ರ (*) ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ಅಲ್ಲಿಂದ ‘ಎಕ್ಸಿಟ್’ ಎಂದು ಹೊರಬನ್ನಿ. ಅದೇ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್’ ಎಂಬ ಆಜ್ಞೆ ಇದೆ, ಅದು ದೂಳು ಹೊಡೆಯುವುದಲ್ಲ, ಎಲ್ಲ ಪಾರ್ಟಿಷನ್ ಅಳಿಸುವುದು. ವಿಡಿಯೋ ನೋಡಿ ಅದನ್ನು ಬರೆಯಬೇಡಿ.

ಅಂಗಡಿಗೆ ಕೊಡಲೇಬೇಕಾದರೆ ನಾಲ್ಕು ಸ್ಕ್ರೂ ಬಿಚ್ಚಿ ಹಳೆ ಡಿಸ್ಕನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಹೊಸ ಎಸ್‌ಎಸ್‌ಡಿ (ಒಳಗೆ ತಿರುಗುವ ತಟ್ಟೆಯಿಲ್ಲದ ಡಿಸ್ಕ್) ಕೊಂಡು ಅದಕ್ಕೆ ವಿಂಡೋಸ್ ಹಾಕಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ 11ಕ್ಕೆ ಹೋಗೋಣ ಎಂದು ಅವರು ಹೇಳುವುದು ತಪ್ಪಲ್ಲ, ಆದರೆ ಅದು ಹಳೆ ಡಿಸ್ಕ್ ಅಳಿಸಲು ಕಾರಣವಾಗಬಾರದು. ಆಮೇಲೆ ಹಳೆಯದನ್ನು ಯುಎಸ್‌ಬಿ ಅಡಾಪ್ಟರ್‌ನಿಂದ ಜೋಡಿಸಿ ಫೈಲ್ ತೆಗೆದುಕೊಳ್ಳಿ. ಡೆಸ್ಕ್‌ಟಾಪ್‌ನ ದೊಡ್ಡ ಹಾರ್ಡ್‌ಡಿಸ್ಕ್‌ಗೆ ಯುಎಸ್‌ಬಿ ಕರೆಂಟ್ ಸಾಲದು, 12 ವೋಲ್ಟ್ ಅಡಾಪ್ಟರ್ ಜೊತೆಗೆ ಬರುವಂಥದ್ದೇ ಬೇಕು. ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ, ‘ಇನಿಷಿಯಲೈಸ್’ ಎಂದು ಕೇಳಿದರೂ ಕ್ಯಾನ್ಸಲ್.

ಈಗಾಗಲೇ ಅಳಿಸಿ ಹೋಗಿದ್ದರೆ ಆ ಕ್ಷಣದಿಂದ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಿ. ಹಾರ್ಡ್‌ಡಿಸ್ಕ್‌ನಲ್ಲಿ ಮೇಲೆ ಹೊಸದು ಬರೆಯುವವರೆಗೆ ಹಳೆಯದು ಉಳಿದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ, ಫಾರ್ಮ್ಯಾಟ್ ಆದಾಗಲೇ ಹಳೆ ಡೇಟಾ ಒರೆಸಲು ಹೇಳುವ ಟ್ರಿಮ್ ಆಜ್ಞೆ ಹೋಗಿ ಮರಳಿ ಪಡೆಯುವ ದಾರಿ ಬಹುತೇಕ ಮುಚ್ಚಿರುತ್ತದೆ. ಗಂಗಾವತಿಯ ಆ ಮನೆಯದು ಹಾರ್ಡ್‌ಡಿಸ್ಕೇ. ಆದರೆ ಡಿ ಡ್ರೈವ್ ಖಾಲಿ ಎಂದು ಗೊತ್ತಾದ ಮೇಲೂ ಹತ್ತು ದಿನ ಅದರಲ್ಲೇ ಬಿಲ್ ಹಾಕಿದ್ದರು. ಮದುವೆ ಫೋಟೋ ಬಹುಪಾಲು ಸಿಕ್ಕವು, ಹೆಸರು ಹೋಗಿ ಬರೀ ನಂಬರುಗಳಾಗಿ. ಟ್ಯಾಲಿಯಲ್ಲಿ ತೆರೆದದ್ದು ಎರಡು ವರ್ಷದ್ದು. ಉಳಿದ ಎರಡು ವರ್ಷದ ಲೆಕ್ಕವನ್ನು ಮಿಲ್ಲುಗಳಿಂದ ಬಿಲ್ ಪ್ರತಿ ತರಿಸಿಕೊಂಡು ಒಂದೊಂದಾಗಿ ಮತ್ತೆ ಬರೆಯುತ್ತಿದ್ದಾರೆ.