ಜೇನುಮೇಣದ ಬಿಲ್ಲೆ: ಮೂರು ವರ್ಷ ದಾರ ಎಳೆದ ಮೇಲೆ

ದಾರ ಸಿಕ್ಕಾಗುವುದು ಯಾವಾಗಲೂ ಅಂಚು ಮುಗಿಯಲು ನಾಲ್ಕು ಬೆರಳು ಉಳಿದಿರುವಾಗಲೇ. ಮೇಲಿಂದ ನೋಡಿದರೆ ಹೊಲಿಗೆ ನೆಟ್ಟಗೆ ಕೂತಿರುತ್ತದೆ. ಸೂಜಿ ಎಳೆದರೆ ಮಾತ್ರ ದಾರ ಬರುವುದಿಲ್ಲ. ಬಟ್ಟೆ ತಿರುಗಿಸಿದರೆ ಹಿಂದೆ ಇರುವೆ ತಲೆಯಷ್ಟು ಗಂಟು, ಅದರ ಪಕ್ಕ ಒಂದು ಕುಣಿಕೆ. ಸಿಟ್ಟಿನಲ್ಲಿ ಜಗ್ಗಿದರೆ ಮುಗೀತು. ಕುಣಿಕೆ ಗಂಟಿನೊಳಗೆ ಸೇರಿ ಕಲ್ಲಾಗುತ್ತದೆ.

ನಾನು ಕೈಯಲ್ಲೇ ಹೊಲಿಯುವವಳು. ಪ್ಯಾಂಟಿನ ಅಂಚು, ಅಂಗಿಯ ಗುಂಡಿ, ಪರದೆ, ಚೂರುಬಟ್ಟೆ ಸೇರಿಸಿದ ಹೊದಿಕೆ. ಎಲ್ಲರೂ ಮಲಗಿದ ಮೇಲೆ ಕೂರುತ್ತೇನೆ, ಹಾಗಾಗಿ ಮಿಷನ್ ಸದ್ದು ಮಾಡುವ ಹಾಗಿಲ್ಲ. ಒಂದು ರಾತ್ರಿ ಒಂದೇ ಪರದೆಗೆ ಐದು ಸಲ ದಾರ ಕತ್ತರಿಸಿದೆ. ಮರುದಿನವೇ ಈ ಬಿಲ್ಲೆ ತರಿಸಿದ್ದು.

ಏನಿದು ಅಂತ ಜಾಸ್ತಿ ಹೇಳಬೇಕಿಲ್ಲ. ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ, ಅಂಚಿನ ಸುತ್ತ ಸೀಳುಗಳು, ಒಳಗೆ ಹಳದಿ ಜೇನುಮೇಣ. ಸೀಳಿನಲ್ಲಿ ದಾರ ಇಟ್ಟು ಎಳೆದರೆ ಮೇಣ ಹತ್ತುತ್ತದೆ, ಸಿಕ್ಕು ಕಡಿಮೆಯಾಗಲಿ ಅಂತ. ಅಷ್ಟೇ.

ಆದರೆ ಆ ಎಳೆಯುವ ಕೆಲಸ ಇದೆಯಲ್ಲ, ಅದರ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದಾರ ಕತ್ತರಿಸುತ್ತೇನೆ. ಬಿಲ್ಲೆ ಎಡಗೈಯಲ್ಲಿ, ಹೆಬ್ಬೆರಳು ದಾರದ ಮೇಲೆ. ಮೊದಲ ಸಲ ಎಳೆದಾಗ 'ಕಿರ್ರ್' ಎಂದು ಸಣ್ಣ ಸದ್ದು. ಎರಡನೇ ಸಲಕ್ಕೆ ಸದ್ದು ಇಳಿಯುತ್ತದೆ, ದಾರ ಭಾರವಾದ ಹಾಗೆ ಅನಿಸುತ್ತದೆ. ಆಮೇಲೆ ಬಿಲ್ಲೆ ಬದಿಗಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ಒಂದು ಸಲ ಜಾರಿಸುತ್ತೇನೆ. ಉಜ್ಜಿದ ಬಿಸಿಗೆ ಮೇಣ ದಾರದೊಳಗೆ ಇಳಿಯುತ್ತದೆ, ಹೆಚ್ಚಾದದ್ದು ಪುಡಿಯಾಗಿ ಉದುರುತ್ತದೆ. ಬೆರಳ ತುದಿಯಲ್ಲಿ ಜೇನುಗೂಡಿನ ವಾಸನೆ ಮಲಗುವವರೆಗೂ ಇರುತ್ತದೆ.

ಗುಂಡಿ ಹಾಕುವ ದಾರಕ್ಕೆ ಇನ್ನೊಂದು ಹೆಜ್ಜೆ ಇದೆ. ಮೇಣ ಹಚ್ಚಿದ ದಾರವನ್ನು ಎರಡು ಹಳೇ ಕಾಗದದ ಮಧ್ಯೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ, ದಾರವನ್ನು ಕೆಳಗಿನಿಂದ ಎಳೆದುಬಿಡುವುದು. ಜೇನುಮೇಣ ಕರಗೋಕೆ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಸಾಕು, ಹಾಗಾಗಿ ಇಸ್ತ್ರಿಯ ಅತಿ ಕಡಿಮೆ ಬಿಸಿಯೇ ಜಾಸ್ತಿ. ಹೊರಬಂದ ದಾರ ತೆಳುವಾದ ತಂತಿಯ ಹಾಗೆ ನಿಲ್ಲುತ್ತದೆ. ಮೈಮೇಲಿನ ಜುಂಗೆಲ್ಲ ಮಲಗಿರುತ್ತದೆ. ತುದಿಯನ್ನು ಬಾಯಲ್ಲಿ ಒದ್ದೆ ಮಾಡುವ ಅಭ್ಯಾಸ ನನಗೆ ಬಿಟ್ಟುಹೋದದ್ದು ಇದರಿಂದಲೇ, ಸೂಜಿಯ ಕಣ್ಣಿಗೆ ತಾನಾಗಿ ಹೋಗುತ್ತದೆ.

ಮೊದಲ ವರ್ಷ ಕೇಳಿದ್ದರೆ ಕಣ್ಣುಮುಚ್ಚಿ ಐದು ನಕ್ಷತ್ರ ಕೊಡುತ್ತಿದ್ದೆ. ಗುಂಡಿಗೆ ಜೋಡಿ ಎಳೆ ಹಾಕಿದಾಗ ಒಂದು ಎಳೆ ಮುಂದೆ ಬಂದು ಇನ್ನೊಂದು ಹಿಂದೆ ಉಳಿದು ಕಿವಿಯ ಹಾಗೆ ಎದ್ದು ನಿಲ್ಲುತ್ತದಲ್ಲ, ಆ ಕಾಟ ನಿಂತಿತು. ಮೇಣಕ್ಕೆ ಎರಡೂ ಅಂಟಿಕೊಂಡು ಒಂದೇ ದಾರದಂತೆ ಓಡುತ್ತವೆ. ಪಾಲಿಯೆಸ್ಟರ್ ದಾರದಲ್ಲೂ ವ್ಯತ್ಯಾಸ ಕಂಡಿತು. ಅದು ಉಜ್ಜಾಟಕ್ಕೆ ಸ್ಥಿರ ವಿದ್ಯುತ್ ಹಿಡಿದುಕೊಂಡು ಬಟ್ಟೆಗೂ ಕೈಗೂ ಮೆತ್ತಿಕೊಳ್ಳುವ ಜಾತಿ. ಮೇಣ ಹತ್ತಿದ ಮೇಲೆ ಸುಮ್ನೆ ಬಿದ್ದಿರುತ್ತದೆ.

ನನ್ನ ಮುನಿಸು ಶುರುವಾದದ್ದು ಡಬ್ಬಿಯಿಂದ.

ಸೀಳುಗಳು ನೋಡೋಕೆ ಚೆಂದ. ಆದರೆ ದಾರ ಪ್ರತಿ ಸಲ ಅದೇ ಜಾಗದಲ್ಲಿ ಓಡಿದರೆ ಮೇಣವನ್ನು ಗರಗಸದ ಹಾಗೆ ಕೊಯ್ಯುತ್ತದೆ. ಎಂಟು ತಿಂಗಳಿಗೆ ಬಿಲ್ಲೆಯ ತುಂಬಾ ಆಳವಾದ ಗೀರುಗಳು. ಆಮೇಲೆ ಒಂದು ತುಂಡು ಸಡಿಲವಾಯಿತು. ವರ್ಷ ತುಂಬುವಷ್ಟರಲ್ಲಿ ನಾಲ್ಕು ತುಂಡು, ಡಬ್ಬಿ ಅಲ್ಲಾಡಿಸಿದರೆ ಗಿಲಕಿ. ದಾರ ತುಂಡುಗಳ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕು ಬಿಡಿಸೋಕೆ ತಂದ ವಸ್ತುವಿನಿಂದಲೇ ದಾರ ಬಿಡಿಸಿಕೊಳ್ಳಬೇಕಾದ ಗತಿ!

ಎರಡನೇ ಪಾಠ ಬಿಳಿ ಪರದೆಯ ಮೇಲೆ. ಹಿಂದಿನ ದಿನ ಕಪ್ಪು ಪ್ಯಾಂಟಿಗೆ ಅಂಚು ಹಾಕಿದ್ದೆ. ಅದೇ ಸೀಳಿನಲ್ಲಿ ಬಿಳಿ ದಾರ ಎಳೆದೆ. ಹಳದಿ ದೀಪದ ಬೆಳಕಲ್ಲಿ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ ಒಂದು ಅಡಿ ಉದ್ದಕ್ಕೂ ಹೊಲಿಗೆ ಬೂದು ಬಣ್ಣ. ಮೇಣ ದಾರದ ನವಿರನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಬಂದ ದಾರಕ್ಕೆ ದಾಟಿಸುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ. ರೇಷ್ಮೆಯ ಕಥೆ ಇನ್ನೂ ಕೆಟ್ಟದು. ಹೊಲಿದು ಇಸ್ತ್ರಿ ಮಾಡಿದೆ, ದಾರದಲ್ಲಿದ್ದ ಮೇಣ ಕರಗಿ ಬಟ್ಟೆಗೆ ಇಳಿಯಿತು. ಎಣ್ಣೆ ಚುಕ್ಕೆಯಂಥ ಸಾಲು. ಹೀರುವ ಕಾಗದ ಇಟ್ಟು ಮತ್ತೆ ಬಿಸಿ ಮಾಡಿದ್ದಕ್ಕೆ ಸ್ವಲ್ಪ ಹೋಯಿತು, ಓರೆಯಾಗಿ ಹಿಡಿದರೆ ಇವತ್ತಿಗೂ ಕಾಣುತ್ತದೆ. ಆ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಒಂದು ಸಾಲು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆದರೆ ನನ್ನ ಅಭಿಪ್ರಾಯ ಬದಲಾದದ್ದು ಈ ಕಲೆಗಳಿಂದಲ್ಲ. ಒಂದು ಸಲ ತುಂಡುಗಳೂ ಕೈಗೆ ಸಿಗದೆ ಮೂರು ವಾರ ಮೇಣವಿಲ್ಲದೆ ಹೊಲಿಯಬೇಕಾಯಿತು. ಗಂಟುಗಳು ಹಿಂಡು ಕಟ್ಟಿಕೊಂಡು ಬರುತ್ತವೆ ಅಂದುಕೊಂಡೆ. ಬರಲಿಲ್ಲ. ಯಾಕೆ ಅಂದರೆ, ಮೇಣವಿಲ್ಲ ಎಂಬ ಭಯಕ್ಕೆ ದಾರವನ್ನು ಮೊಳದುದ್ದ ಮಾತ್ರ ಕತ್ತರಿಸುತ್ತಿದ್ದೆ.

ಅದಕ್ಕೆ ಮೊದಲು ನನ್ನದು ಮಾರುದ್ದದ ದಾರ. ಪದೇ ಪದೇ ಪೋಣಿಸೋಕೆ ಸೋಮಾರಿತನ, ಅಲ್ವಾ? ಮೊಣಕೈಯಿಂದ ಬೆರಳ ತುದಿವರೆಗೆ, ಅಂದರೆ ಸುಮಾರು 45 ಸೆಂಟಿಮೀಟರ್ ದಾರವಾದರೆ ಒಂದೇ ಎಳೆತಕ್ಕೆ ಪೂರ್ತಿ ಬರುತ್ತದೆ. ಮಾರುದ್ದದ್ದು ಮೂರು ಕಂತಿನಲ್ಲಿ ಬರುತ್ತದೆ, ಆ ಮಧ್ಯೆ ಬಾಲ ಹಿಂದೆಲ್ಲೋ ಗುಂಡುಪಿನ್ನಿಗೋ ಗುಂಡಿಗೋ ಸುತ್ತಿಕೊಂಡಿರುತ್ತದೆ. ಸೂಜಿಯ ಹತ್ತಿರದ ದಾರ ಅಷ್ಟೂ ತೂತುಗಳಲ್ಲಿ ಹಾಯ್ದು ಹಾಯ್ದು ಸವೆದು ಜುಂಗೇಳುತ್ತದೆ.

ಇನ್ನೊಂದು, ನನಗೆ ಇದು ತಿಳಿದಾಗ ನಗು ಬಂತು. ದಾರ ಎಂದರೇ ಎಳೆಗಳನ್ನು ಹುರಿ ಮಾಡಿದ್ದು. ಪ್ರತಿ ಹೊಲಿಗೆಗೂ ಬೆರಳುಗಳ ನಡುವೆ ಸೂಜಿ ಚೂರು ಹೊರಳುತ್ತದೆ. ಹೊಲಿಗೆಗೆ ಕಾಲು ಸುತ್ತು ಅಂದುಕೊಳ್ಳಿ, 40 ಹೊಲಿಗೆಗೆ 10 ಸುತ್ತು. ಕೆಲವರ ಕೈಯಲ್ಲಿ ಹುರಿ ಬಿಚ್ಚಿಕೊಂಡು ದಾರ ಸಪ್ಪಟೆಯಾಗುತ್ತದೆ. ನನ್ನ ಕೈಯಲ್ಲಿ ಏರುತ್ತದೆ. ಹೊಲಿದಷ್ಟೂ ಸುತ್ತು ಹೆಚ್ಚುತ್ತದೆ, ಉಳಿದ ದಾರ ಮಾತ್ರ ಗಿಡ್ಡವಾಗುತ್ತದೆ. ಇದೇ ದಾರದಲ್ಲಿ ಮುಗಿಸಿಬಿಡೋಣ ಅಂತ ಹೊರಟಾಗಲೇ, ಆ ಕೊನೆಯ ನಾಲ್ಕು ಬೆರಳಲ್ಲಿ, ದಾರ ತನ್ನ ಮೈಗೆ ತಾನೇ ಸುತ್ತಿಕೊಳ್ಳುತ್ತದೆ.

ಇದಕ್ಕೆ ಮೇಣ ಮದ್ದೇ ಅಲ್ಲ. ಮೇಣ ದಾರವನ್ನು ಬಿರುಸು ಮಾಡಿ, ಸುತ್ತಿಕೊಳ್ಳುವುದನ್ನು ಸ್ವಲ್ಪ ಮುಂದೂಡುತ್ತದೆ ಅಷ್ಟೇ. ಹುರಿ ಇಳಿಸಬೇಕೆಂದರೆ ಬಟ್ಟೆಯನ್ನು ಮೇಲೆತ್ತಿ ಸೂಜಿಯನ್ನು ತೂಗಬಿಡಬೇಕು. ಸೂಜಿ ಬುಗುರಿಯ ಹಾಗೆ ಗಿರಗಿರ ತಿರುಗುತ್ತದೆ, ನಿಧಾನವಾಗುತ್ತದೆ, ಸ್ವಲ್ಪ ಹಿಂದಕ್ಕೂ ತಿರುಗಿ ನಿಲ್ಲುತ್ತದೆ. ಹತ್ತು ಹನ್ನೆರಡು ಹೊಲಿಗೆಗೊಮ್ಮೆ ಹೀಗೆ ಮಾಡುತ್ತೇನೆ. ಒಂದು ಪೈಸೆ ಖರ್ಚಿಲ್ಲ. ದುಡ್ಡು ಕೊಟ್ಟು ತಂದ ಬಿಲ್ಲೆ ಪಕ್ಕದಲ್ಲಿ ಕೂತು ನೋಡುತ್ತಿರುತ್ತದೆ.

ಈ ಉರಿಯಲ್ಲಿ ಬೇರೆ ದಾರಿಗಳನ್ನೂ ನೋಡಿದೆ. ಮಾಮೂಲಿ ಮೇಣದಬತ್ತಿ ಉಜ್ಜಿದೆ. ಅದು ಪ್ಯಾರಾಫಿನ್, ಅಂಟು ಕಡಿಮೆ, ಬಿಳಿ ಹೊಪ್ಪಳೆಯಾಗಿ ಮಡಿಲ ತುಂಬಾ ಉದುರಿತು. ಮೇಣದ ಬದಲು ದಾರಕ್ಕೆ ಹಚ್ಚುವ ಸಿಲಿಕೋನ್‌ನ ಡಬ್ಬಿಯೂ ತಂದೆ. ದಾರ ಬೆಣ್ಣೆಯ ಹಾಗೆ ಜಾರುತ್ತದೆ, ವಾಸನೆ ಇಲ್ಲ, ಹೊಳಪೂ ಕೆಡುವುದಿಲ್ಲ. ಆರೆಳೆಯ ಕಸೂತಿ ದಾರಕ್ಕೆ ಅದೇ ಸರಿ, ಅಲ್ಲಿ ಜೇನುಮೇಣ ಹಚ್ಚಿದರೆ ಎಳೆಗಳು ಅಂಟಿ ಮಂಕಾಗುತ್ತವೆ. ಆದರೆ ಗುಂಡಿಯ ಜೋಡಿ ಎಳೆ ಅದರಲ್ಲಿ ಅಂಟಿ ನಿಲ್ಲಲಿಲ್ಲ. ಕಸೂತಿ ಮಾಡುವ ಅಕ್ಕನಿಗೆ ಕೊಟ್ಟುಬಿಟ್ಟೆ. ರೀಲಿನಿಂದ ಮೊದಲು ಬಿಚ್ಚಿದ ತುದಿಯನ್ನೇ ಪೋಣಿಸಬೇಕು ಎಂಬ ಮಾತಿದೆಯಲ್ಲ, ಅದನ್ನೂ ಎರಡು ವಾರ ನಿಷ್ಠೆಯಿಂದ ಪಾಲಿಸಿದೆ. ನನ್ನ ಹತ್ತಿ ದಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಜೋಡಿ ಎಳೆಯ ಎರಡು ತುದಿಗೂ ಬೇರೆ ಬೇರೆ ಗಂಟು ಹಾಕಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಒಂದೊಂದು ಎಳೆಯೂ ತನ್ನ ಪಾಡಿಗೆ ಹುರಿ ಬಿಟ್ಟುಕೊಳ್ಳುತ್ತದೆ.

ಹೀಗೆಲ್ಲ ಬೈದ ಮೇಲೂ ಬಿಲ್ಲೆ ಎಸೆಯಲಿಲ್ಲ. ಹೋದ ವರ್ಷ ಆ ತುಂಡುಗಳನ್ನು ಒಟ್ಟು ಮಾಡಿ, ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿದೆ. ನೇರ ಉರಿಗೆ ಇಡಬೇಡಿ, ಮೇಣ ಹತ್ತಿಕೊಳ್ಳುತ್ತದೆ. ಹಳೇ ಬಟ್ಟೆಯಲ್ಲಿ ಸೋಸಿದೆ. ಎರಡು ವರ್ಷದ ಕಪ್ಪು ನೀಲಿ ಜುಂಗೆಲ್ಲ ಅಲ್ಲೇ ಉಳಿಯಿತು. ಬಾಟಲಿ ಮುಚ್ಚಳಗಳಿಗೆ ಹೊಯ್ದೆ. ಈಗ ಎರಡು ಬಿಲ್ಲೆ, ಒಂದು ಬಿಳಿ ದಾರಕ್ಕೆ, ಇನ್ನೊಂದು ಉಳಿದದ್ದಕ್ಕೆ. ಡಬ್ಬಿಯೂ ಇಲ್ಲ, ಸೀಳೂ ಇಲ್ಲ. ದಾರವನ್ನು ಪ್ರತಿ ಸಲ ಬೇರೆ ಜಾಗದಲ್ಲಿ ಒತ್ತಿ ಎಳೆಯುತ್ತೇನೆ, ಹಾಗಾಗಿ ಸಮನಾಗಿ ಸವೆಯುತ್ತಿದೆ. ಚಳಿಯಲ್ಲಿ ಒಂದರ ಮೇಲೆ ಬಿಳಿ ಪುಡಿಯಂಥದ್ದು ಎದ್ದಿತ್ತು. ಬೂಸಲು ಹಿಡಿಯಿತು ಅಂತ ಬುಟ್ಟಿಗೆ ಹಾಕುವವಳಿದ್ದೆ. ಅಂಗೈಯಲ್ಲಿ ಎರಡು ನಿಮಿಷ ಉಜ್ಜಿದೆ, ಮಾಯ. ಜೇನುಮೇಣ ಹಳೆಯದಾದರೆ ಹಾಗೆ ಬಿಳುಚುತ್ತದೆ, ಕೆಟ್ಟಿದ್ದಲ್ಲ.

ಈಗ ಮೇಣ ಗುಂಡಿಗೆ, ದಪ್ಪ ಹತ್ತಿ ಬಟ್ಟೆಯ ಅಂಚಿಗೆ, ಪಾಲಿಯೆಸ್ಟರ್ ದಾರಕ್ಕೆ ಮಾತ್ರ. ರೇಷ್ಮೆಗೂ ತೆಳು ಬಟ್ಟೆಗೂ ಬರೀ ಮೊಳದ ದಾರ, ತೂಗುವ ಸೂಜಿ. ದಾರ ಪದೇ ಪದೇ ಜುಂಗೇಳುತ್ತಿದ್ದರೆ ಮೇಣ ತರುವ ಮೊದಲು ಸೂಜಿ ಬದಲಿಸಿ ನೋಡಿ. ಕಣ್ಣು ಚಿಕ್ಕದಾದರೆ ದಾರ ಪ್ರತಿ ಎಳೆತಕ್ಕೂ ಅಲ್ಲೇ ಸವೆಯುತ್ತದೆ. ಕೈಹೊಲಿಗೆಯ ಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ, ನಾನು ಇದನ್ನು ಉಲ್ಟಾ ತಿಳಿದುಕೊಂಡು ಬಹಳ ದಿನ ಒದ್ದಾಡಿದ್ದೇನೆ.

ಕುಣಿಕೆ ಬಿದ್ದೇ ಬಿಟ್ಟರೆ ಜಗ್ಗಬೇಡಿ. ಅದು ಸಾಮಾನ್ಯವಾಗಿ ನಿಜವಾದ ಗಂಟಾಗಿರುವುದಿಲ್ಲ. ಸೂಜಿಯ ಮೊನೆಯನ್ನು ಕುಣಿಕೆಯೊಳಗೆ ತೂರಿಸಿ ಮೆಲ್ಲಗೆ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಮೇಣದ ದಾರ ಇಲ್ಲೂ ಸುಲಭವಾಗಿ ಬಿಟ್ಟುಕೊಡುತ್ತದೆ, ಅದಕ್ಕೊಂದು ಅರ್ಧ ನಕ್ಷತ್ರ ಜಾಸ್ತಿ.

ಒಟ್ಟು ಮೂರೂವರೆ. ಮೇಣಕ್ಕೆ ಮೂರೂವರೆ, ಡಬ್ಬಿಗೆ ಸೊನ್ನೆ. ನನ್ನಂತೆ ಲೆಕ್ಕ ಹಾಕಿ ಖರ್ಚು ಮಾಡುವವರು ಡಬ್ಬಿಯಿಲ್ಲದ ಬರೀ ಮೇಣದ ಗಟ್ಟಿ ಸಿಕ್ಕರೆ ಅದನ್ನೇ ತನ್ನಿ. ಖಾಲಿ ಡಬ್ಬಿಯನ್ನು ಸುಮ್ನೆ ಎಸೆಯೋದು ಯಾಕೆ ಅಂತ ಗುಂಡುಪಿನ್ನು ಹಾಕಿಟ್ಟಿದ್ದೇನೆ. ಸೀಳುಗಳಿಂದ ಅವೂ ಉದುರುತ್ತಿವೆ.