ಚೌಬಾರಾ ಹತ್ತಿರದ ಬಿದ್ರಿ ಅಂಗಡಿ: ಹೂದಾನಿ ಚೆನ್ನಾಗಿದೆ, ಜಗಳ ಫ್ರೀ

ಅಕ್ಕನ ಮನೆ ಗೃಹಪ್ರವೇಶ ಇತ್ತು. ಸ್ಟೀಲ್ ಡಬ್ಬಿ ಕೊಟ್ಟು ಕೊಟ್ಟು ಸಾಕಾಗಿ, ಈ ಸಲ ಬೀದರ್‌ನ ಚೌಬಾರಾ ಅನ್ನೋ ಹಳೇ ಕಾವಲು ಗೋಪುರದ ಹತ್ತಿರದ ಒಂದು ಬಿದ್ರಿ ಅಂಗಡಿಗೆ ಹೋದೆ. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸೋ ಇಲ್ಲಿನ ಕರಕುಶಲ ಕೆಲಸ. ಅಂಗಡಿ ಅಂದರೆ ಮುಂದೆ ಎರಡು ಗಾಜಿನ ಕಪಾಟು, ಹಿಂದೆ ಕೆಲಸದ ಕೋಣೆ, ಅಷ್ಟೇ.

ಒಳಗೆ ಇಬ್ಬರು ಹಿರಿಯರು ಜೋರಾಗಿ ವಾದಕ್ಕೆ ಬಿದ್ದಿದ್ದರು. ‘ಇದು ಇರಾನ್‌ದಿಂದ ಬಂದದ್ದು, ನಮ್ಮ ಸಂಸ್ಕೃತಿ ಅಂತ ಹ್ಯಾಂಗ ಅಂತೀರಿ?’ ಅಂತ ಒಬ್ಬರು. ‘ಬಹಮನಿ ಕಾಲದಿಂದ ಇಲ್ಲೇ ಅದರಿ, ಇನ್ನೆಷ್ಟು ವರ್ಷ ಆಗಬೇಕು ನಮ್ದು ಆಗ್ಲಿಕ್ಕೆ?’ ಅಂತ ಇನ್ನೊಬ್ಬರು. ಮಾತು 2023ರಲ್ಲಿ ಪದ್ಮಶ್ರೀ ಪಡೆದ ಇಲ್ಲಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರ ಕಡೆ ತಿರುಗಿತು. ಬಿಜೆಪಿ ಸರ್ಕಾರದಲ್ಲಿ ನನಗೆ ಸಿಗೋದಿಲ್ಲ ಅಂದುಕೊಂಡಿದ್ದೆ, ನೀವು ಅದನ್ನ ಸುಳ್ಳು ಮಾಡಿದಿರಿ ಅಂತ ಅವರು ಪ್ರಧಾನಿಗೇ ಹೇಳಿದ್ದರಲ್ಲ, ಅದೇ ಮಾತನ್ನ ಇಬ್ಬರೂ ತಮ್ಮ ತಮ್ಮ ವಾದಕ್ಕೆ ಎಳೆದುಕೊಂಡರು. ಕೇಳೋಕೆ ಮಜಾ ಇತ್ತು. ಅರ್ಧ ಗಂಟೆ ವಾದ ಮಾಡಿ ಇಬ್ಬರೂ ಒಂದು ಕೀಚೈನ್ ಕೂಡ ಕೊಳ್ಳದೆ ಎದ್ದು ಹೋದರು.

ಬಿದ್ರಿ ಕೆಲಸ ಮಾಡೋ ಅಂಗಡಿಯ ಚಾಚಾ ಮಾತ್ರ ತಲೆ ಎತ್ತಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ತಟ್ಟೆ, ಅದರಲ್ಲಿ ಕೊರೆದ ಗೆರೆ, ಕೂದಲಿನಷ್ಟು ಸಣ್ಣ ಬೆಳ್ಳಿ ತಂತಿಯನ್ನ ಆ ಗೆರೆಯೊಳಗೆ ಕೂರಿಸಿ ಟಕ್ ಟಕ್ ಅಂತ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಲೇ ಇದ್ದರು. ಆಮೇಲೆ ಕೋಟೆಯ ಮಣ್ಣು ತೋರಿಸಿದರು. ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡು, ‘ರುಚಿ ನೋಡಿನೇ ಮಣ್ಣು ಆರಿಸಬೇಕ್ರಿ’ ಅಂದರು. ಈ ಮಣ್ಣಿಗೆ ನವಸಾಗರ ಅನ್ನೋ ಉಪ್ಪು ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಆ ಹಿರಿಯರು ಇದನ್ನ ನೋಡಿ ಹೋಗಬೇಕಿತ್ತು ಅನಿಸಿತು. ಕೆಲಸ ಎಲ್ಲಿಂದಾದರೂ ಬಂದಿರಲಿ, ಆ ಕಪ್ಪು ಬರೋದು ನಮ್ಮ ಕೋಟೆ ಮಣ್ಣಿಂದ ಅಲ್ವಾ? ಕಪಾಟಿನಲ್ಲಿ ಉದ್ದ ಕತ್ತಿನ ಸುರಾಹಿ ಹೂಜಿ ಪಕ್ಕದಲ್ಲೇ ಬಸವಣ್ಣ, ಗಣಪತಿ ಕೂತಿದ್ದಾರೆ.

‘ಮಗ ಕಲ್ತಾನೇನ್ರಿ ಚಾಚಾ?’ ಅಂತ ಕೇಳಿದೆ. ‘ಅವ ಹೈದರಾಬಾದಿನಾಗ ಆಫೀಸ್ ಕೆಲ್ಸ ಮಾಡ್ತಾನ್ರಿ’ ಅಂದರು, ಮತ್ತೆ ಸುತ್ತಿಗೆ ಎತ್ತಿಕೊಂಡರು. ಟಿವಿಯಲ್ಲಿ ಸಂಸ್ಕೃತಿ ಉಳಿಸಿ ಅಂತ ಕೂಗೋರಲ್ಲಿ ಯಾರೂ ಈ ವಿಷಯ ಎತ್ತಿದ್ದು ನಾನಂತೂ ನೋಡಿಲ್ಲ.

ಇನ್ನು ಹೂದಾನಿ. ಅಂಗೈ ಎತ್ತರ, ಮೈತುಂಬ ಬಳ್ಳಿ, ಬೆರಳಾಡಿಸಿದರೆ ತಂತಿ ಎಲ್ಲೂ ತಾಗೋದಿಲ್ಲ. ಹೋದ ವರ್ಷ ಒಂದು ಮೇಳದಲ್ಲಿ ಅರ್ಧ ರೇಟಿಗೆ ಸಿಕ್ತು ಅಂತ ತಂದಿದ್ದೆ, ಆರು ತಿಂಗಳಲ್ಲಿ ಕಪ್ಪು ಬಣ್ಣ ಸಿಪ್ಪೆ ಥರ ಎದ್ದಿತ್ತು. ಇಲ್ಲಿ ರೇಟ್ ಜಾಸ್ತಿನೇ, ಆದರೆ ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ. ಪ್ಯಾಕಿಂಗ್ ಮಾತ್ರ ತೀರಾ ಕಳಪೆ. ಹಳೇ ಪೇಪರ್‌ನಲ್ಲಿ ಸುತ್ತಿ ಕೊಟ್ಟರು, ಉಡುಗೊರೆ ಡಬ್ಬಿ ನಾನೇ ಹುಡುಕಬೇಕಾಯ್ತು. ಮಾಸಿದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಹುಣಸೆಹಣ್ಣು ಮುಟ್ಟಿಸಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದರು.

ಅಕ್ಕ ಅದರಲ್ಲಿ ಪ್ಲಾಸ್ಟಿಕ್ ಗುಲಾಬಿ ಇಟ್ಟಿದ್ದಾಳೆ. ಅದಕ್ಕೆ ಅಂಗಡಿಯವರು ಹೊಣೆ ಅಲ್ಲ.